ಚೆಂಡಿನ ಜೊತೆ ಹೋದವರು

ನಮ್ಮೂರಿನ ಮೈದಾನದಲ್ಲಿ ಆಟಗಾರರು ಕಾಣುವುದಿಲ್ಲ, ಚೆಂಡು ಮಾತ್ರ ಕಾಣುತ್ತದೆ. ಅದೂ ವರ್ಷಕ್ಕೊಂದೇ ಸಂಜೆ, ಜರ್ಮನಿಯಲ್ಲಿ ಫುಟ್‌ಬಾಲ್ ಕಪ್ಪಿನ ಫೈನಲ್ ನಡೆಯುವ ದಿನ. ಅಲ್ಲಿ ಆಗ ಎಷ್ಟು ಹೊತ್ತೋ ನಮಗೆ ಗೊತ್ತಿಲ್ಲ, ಇಲ್ಲಿ ಮಾತ್ರ ದನ ಮನೆಗೆ ಬರುವ ಹೊತ್ತು. ಮೈದಾನದ ನಟ್ಟನಡುವೆ ಚೆಂಡು ಬಂದು ಕೂತಿರುತ್ತದೆ. ಕೂತಿದ್ದದ್ದು ಇದ್ದಕ್ಕಿದ್ದಂತೆ ಉರುಳುತ್ತದೆ, ಹಾರುತ್ತದೆ, ಯಾರದೋ ಎದೆಗೆ ಬಡಿದಂತೆ ಗಾಳಿಯಲ್ಲೇ ನಿಂತು ದೊಪ್ಪನೆ ಬೀಳುತ್ತದೆ. ಒಂದು ಹುಲ್ಲುಕಡ್ಡಿಯೂ ಮುರಿಯುವುದಿಲ್ಲ. ಕೂಗಿಲ್ಲ, ಸೀಟಿಯಿಲ್ಲ. ನಾಲ್ಕು ದಿನ ತಡವಾಗಿ ಬರುವ ಪೇಪರಿನಲ್ಲಿ ನೋಡಿದರೆ ನಾವು ಎಣಿಸಿದಷ್ಟೇ ಗೋಲು ಅಲ್ಲೂ ಅಚ್ಚಾಗಿರುತ್ತದೆ. ಆ ತಂಡಗಳ ಹೆಸರು ನಮ್ಮ ನಾಲಿಗೆಗೆ ಹತ್ತುವಂಥದ್ದಲ್ಲ. ಅದಕ್ಕೇ ಒಂದನ್ನು ಮೇಲುಬೀದಿ, ಇನ್ನೊಂದನ್ನು ಕೆಳಬೀದಿ ಅಂತ ಕರೆದುಕೊಂಡು ಬಂದಿದ್ದೇವೆ.

ಇದೇನು ಸೋಜಿಗ ಅಂತ ನಾವು ತಲೆ ಕೆಡಿಸಿಕೊಂಡವರಲ್ಲ. ನಮಗೆ ಅದಕ್ಕಿಂತ ಚಾಪೆ ಹಾಸುವ ಜಾಗದ ಚಿಂತೆ ದೊಡ್ಡದು. ಫೈನಲ್ಲಿನ ಹಿಂದಿನ ದಿನ ಕೆಳಬೀದಿಯ ಗಿರಿಗೌಡ ಸುಣ್ಣದಲ್ಲಿ ಗೆರೆ ಎಳೆಸುತ್ತಾನೆ, ಎರಡೂ ತುದಿಗೆ ಕಂಬ ನೆಟ್ಟು ಬಲೆ ಕಟ್ಟಿಸುತ್ತಾನೆ. ಮೇಲುಬೀದಿಯವರು ತಮ್ಮ ಗೋಲಿನ ಹಿಂದೆ ಕೂರಬೇಕು, ಕೆಳಬೀದಿಯವರು ತಮ್ಮ ಗೋಲಿನ ಹಿಂದೆ. ಅರ್ಧ ಆಟವಾದ ಮೇಲೆ ತಂಡಗಳು ಕಡೆ ಬದಲಿಸುತ್ತವಲ್ಲ, ಆಗ ನಾವೂ ಬದಲಿಸುತ್ತೇವೆ. ಚಾಪೆ, ಕಡಲೆಕಾಯಿ ಬುಟ್ಟಿ, ನಿದ್ದೆ ಹೋದ ಕೂಸು, ಕುರ್ಚಿಯ ಸಮೇತ ಎತ್ತಿಕೊಂಡ ಅಜ್ಜಂದಿರು, ಎಲ್ಲವೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ದಾರಿಯಲ್ಲಿ ಎದುರಾದರೆ ಬೀಗರಾದರೂ ಮಾತಾಡುವಂತಿಲ್ಲ. ಆ ಒಂದು ಸಂಜೆ ಮಾತ್ರ, ಮಾರನೆ ದಿನ ಎಂದಿನಂತೆ ಸಕ್ಕರೆ, ಕಾಫಿಪುಡಿ ಸಾಲ ತರುತ್ತೇವೆ.

ಇನ್ನೊಂದು ಕಟ್ಟಳೆ ಇದೆ. ಆಟ ನಡೆಯುವಾಗ ಗೆರೆಯ ಒಳಗೆ ಯಾರೂ ಕಾಲಿಡಬಾರದು. ಇದು ಹಳೇ ಕಟ್ಟಳೆಯಲ್ಲ, ನಮ್ಮ ಯಜಮಾನರಿಂದಾಗಿ ಬಂದದ್ದು.

ನಾನು ವನಜಾಕ್ಷಿ, ಮೇಲುಬೀದಿಯಲ್ಲಿ ಮಡಕೆ ಮಾರುವವರ ಮನೆಯ ಸೊಸೆ. ನಮ್ಮವರ ಹೆಸರು ಹೇಳುವುದಿಲ್ಲ, ಗಂಡನ ಹೆಸರು ಬಾಯಲ್ಲಿ ತರುವ ರೂಢಿ ನಮ್ಮ ಮನೆ ಹೆಂಗಸರಿಗಿಲ್ಲ. ಎತ್ತರದ ಆಳು. ತಲೆ ಬಡಿಸಿಕೊಳ್ಳದೆ ನಮ್ಮ ಬಾಗಿಲು ದಾಟಿದ್ದೇ ಇಲ್ಲ. ಹುಡುಗರು ಚೆಂಡಾಡುವಾಗ ಇವರನ್ನೇ ಗೋಲಿಗೆ ನಿಲ್ಲಿಸುತ್ತಿದ್ದರಂತೆ, ಕೈ ಚಾಚಿದರೆ ಎರಡು ಕಂಬಕ್ಕೂ ತಾಗುತ್ತದೆ ಅಂತ. ಅಂಗಡಿಯಲ್ಲಿ ಗಿರಾಕಿಗೆ ಮಡಕೆ ಕೊಡುವ ಮುಂಚೆ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುವರು. ನಾದ ಸರಿಯಿದ್ದರೆ ಕೊಡುವರು, ಇಲ್ಲದಿದ್ದರೆ ಪಕ್ಕಕ್ಕಿಡುವರು. ಆ ಚಟ ಮಡಕೆಗೇ ನಿಲ್ಲಲಿಲ್ಲ. ಕುಂಬಳಕಾಯಿ ಕೊಟ್ಟರೂ ತಟ್ಟಬೇಕು, ಕಂಚಿನ ಚೊಂಬು ಕೊಟ್ಟರೂ ತಟ್ಟಬೇಕು. ಮದುವೆಯಾದ ಹೊಸತರಲ್ಲಿ ನನ್ನ ತಲೆಯನ್ನೂ ತಟ್ಟಿ, “ಪರವಾಗಿಲ್ಲ ಕಣೇ, ಒಳಗೇನೋ ಅದೆ” ಅಂದಿದ್ದರು. ನಾನು ಮೂರು ದಿನ ಮಾತು ಬಿಟ್ಟಿದ್ದೆ.

ಮದುವೆಯಾದ ಆರನೇ ತಿಂಗಳಿಗೆ ಫೈನಲ್ ಬಂತು. ಆಟ ಮುಗಿಯುವ ಗಳಿಗೆಯಲ್ಲಿ ಚೆಂಡು ಉರುಳುತ್ತಾ ಬಂದು ನಮ್ಮ ಚಾಪೆಯ ಎದುರಿಗೇ, ಗೆರೆಯ ಆಚೆ, ನಿಂತುಬಿಟ್ಟಿತು. ನಮ್ಮವರು ಎದ್ದರು. ಮಡಕೆ ಎತ್ತಿಕೊಳ್ಳುವಂತೆ ಬಗ್ಗಿ ಅದನ್ನು ಎತ್ತಿಕೊಂಡರು, ಕಿವಿಗೆ ಹಿಡಿದರು, ತಟ್ಟಿದರು. ಅಷ್ಟರಲ್ಲಿ ಅಲ್ಲಿ ಆಟ ಮುಗಿದಿರಬೇಕು. ಆಟ ಮುಗಿದೊಡನೆ ಚೆಂಡು ಮಾಯವಾಗುವುದು ಪ್ರತಿ ವರ್ಷವೂ ಇದ್ದದ್ದೇ. ಆ ವರ್ಷ ಚೆಂಡಿನ ಜೊತೆ ಇವರೂ ಮಾಯವಾದರು. ಊರಿಗೆ ಊರೇ ನೋಡಿತು. ನಾನೂ ನೋಡಿದೆ, ಬಾಯಲ್ಲಿ ಕಡಲೆಕಾಯಿ ಇಟ್ಟುಕೊಂಡು.

ಆಮೇಲೆ ಪ್ರತಿ ಫೈನಲ್ಲಿಗೂ ನಾನು ಚಾಪೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆ. ಯಾವ ಬೀದಿ ಗೆದ್ದರೆ ನನಗೇನು, ನನ್ನ ಕಣ್ಣೆಲ್ಲ ಚೆಂಡನ್ನು ಯಾರು ಮುಟ್ಟುತ್ತಾರೆ, ಹೇಗೆ ಮುಟ್ಟುತ್ತಾರೆ ಅನ್ನುವುದರ ಮೇಲೆ. ಚೆಂಡು ಯಾವ ಸುಳಿವನ್ನೂ ಕೊಡಲಿಲ್ಲ. ಹೀಗೆ ಹನ್ನೆರಡು ವರ್ಷವಾಯಿತು. ಹನ್ನೆರಡು ವರ್ಷ ಕಾದರೂ ಬಾರದವರಿಗೆ ದರ್ಭೆಯಲ್ಲಿ ಬೊಂಬೆ ಮಾಡಿ, ಸುಟ್ಟು, ಕರ್ಮ ಮುಗಿಸಬೇಕು ಅನ್ನುವುದು ಶಾಸ್ತ್ರ. ಮುಗಿಸಿದ ಮೇಲೆ ನಾನು ತಾಳಿ ತೆಗೆಯಬೇಕು.

ನಮ್ಮತ್ತೆ ಚಿಕ್ಕತಾಯಮ್ಮ ಕೆಟ್ಟವರಲ್ಲ. ಅವರ ಸಂಕಟವೇ ಬೇರೆ. “ಬದುಕಿದ್ರೆ ಬತ್ತಿರಲಿಲ್ವೇನೆ ವನಜಿ? ಹೋಗಿರೋನಿಗೆ ಎಳ್ಳುನೀರು ಬಿಡದೆ ಕೂತ್ರೆ ಅವ್ನು ಅಲ್ಲೂ ಸಲ್ಲ, ಇಲ್ಲೂ ಸಲ್ಲ. ನಾನು ಕಣ್ಮುಚ್ಚೋದ್ರೊಳಗೆ ಅವನಿಗೊಂದು ದಾರಿ ಮಾಡ್ಬೇಕು” ಅಂತ ಅತ್ತರು. ಜೋಯಿಸ ಅಶ್ವತ್ಥಯ್ಯನವರನ್ನು ಕರೆಸಿ ಸೋಮವಾರ ಅಂತ ಗೊತ್ತು ಮಾಡಿದರು. ಫೈನಲ್ ಶನಿವಾರ. ನಾನು ಹೇಳಿದೆ, “ಮಾಡ್ಸಿ ಅತ್ತೆ. ಶನಿವಾರ ಒಂದು ಕಳೀಲಿ. ಅವತ್ತೂ ಏನೂ ಕಾಣದೆ ಹೋದ್ರೆ ನಾನೇ ಬಿಚ್ಚಿ ನಿಮ್ ಕೈಗೆ ಕೊಡ್ತೀನಿ.” ಹೇಳಿ ಒಳಗೆ ಹೋಗಿ ಒಲೆ ಮುಂದೆ ಕೂತೆ.

ಆ ಶನಿವಾರ ಆಟ ಬಲು ಬಿಗಿ. ನಮ್ಮ ಕಡೆಯಿಂದ ಒಂದು ಗೋಲು, ಅವರ ಕಡೆಯಿಂದ ಒಂದು. ಅದರಾಚೆಗೆ ಯಾರಿಗೂ ದಕ್ಕದು. ಎಂದಿನ ಹೊತ್ತು ಮುಗಿದರೂ ಚೆಂಡು ಮಾಯವಾಗಲಿಲ್ಲ. ಸ್ವಲ್ಪ ಹೊತ್ತು ಹೆಚ್ಚಿಗೆ ಆಡುವುದನ್ನು ನಾವು ಹಿಂದೆಯೂ ನೋಡಿದ್ದೆವು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ, ಚಾಪೆ ಮತ್ತೊಮ್ಮೆ ಬದಲಾಯಿಸಿದೆವು. ಆ ಹೆಚ್ಚಿನ ಹೊತ್ತು ಇನ್ನೇನು ಮುಗಿಯಬೇಕು, ನಮ್ಮ ತಂಡದ ಕಡೆಯಿಂದ ಹೋದ ಚೆಂಡು ದೂರದ ಕೆಳಬೀದಿ ಗೋಲಿನ ಮುಂದೆ ಗಾಳಿಯಲ್ಲಿ ಸಿಕ್ಕಿಕೊಂಡಿತು. ಅವರ ಗೋಲಿ, ಅಂದರೆ ಗೋಲು ಕಾಯುವವನು, ಹಿಡಿದಿದ್ದ. ಹಿಡಿದವರು ಒದೆಯಬೇಕು ತಾನೆ? ಒದೆಯಲಿಲ್ಲ. ಚೆಂಡು ಆಳುದ್ದದ ಎತ್ತರಕ್ಕೆ ಏರಿ, ಒಂದು ಪಕ್ಕಕ್ಕೆ ಸರಿದು, ಅಲ್ಲೇ ನಿಂತು ಸಣ್ಣಗೆ ಅದುರಿತು.

ನಾನು ಎದ್ದು ನಿಂತುಬಿಟ್ಟೆ. “ಅತ್ತೆ! ಅತ್ತೆ, ನೋಡ್ದ್ರಾ?”

“ಏನ್ ನೋಡೋದು? ಕೂತ್ಕೊಳೇ, ಹಿಂದಿರೋರು ಬೈತಾರೆ.”

“ತಟ್ಟಿದ್ರು ಅತ್ತೆ. ಕಿವಿ ಹತ್ರ ಹಿಡ್ಕೊಂಡು ತಟ್ಟಿದ್ರು.”

ಅತ್ತೆ ನನ್ನ ಸೆರಗು ಹಿಡಿದು ಕೆಳಗೆ ಎಳೆದರು. “ಕಾಣ್ಬೇಕು ಕಾಣ್ಬೇಕು ಅಂತ ಕೂತ್ರೆ ಎಲ್ಲಾ ಕಾಣ್ತದೆ. ಅಷ್ಟು ದೂರದಲ್ಲಿ ನಿನ್ಗೇನು ಹದ್ದಿನ ಕಣ್ಣಾ? ಸುಮ್ನಿರು, ತಾಯಿ. ನನ್ ಎದೆ ಒಡೀಬೇಡ.” ನಾನು ಕೂತೆ, ಆದರೆ ಕೂತಂತೆ ಇರಲಿಲ್ಲ.

ಹೆಚ್ಚಿನ ಹೊತ್ತೂ ಮುಗಿಯಿತು. ಈಗಲಾದರೂ ಚೆಂಡು ಮಾಯವಾಗಬೇಕಿತ್ತು. ಆಗಲಿಲ್ಲ. ನಡುಮೈದಾನದಲ್ಲಿ ಕೂತೇ ಇತ್ತು. ಜನ ಗುಜುಗುಜು ಅನ್ನುತ್ತಾ ಅರ್ಧ ಎದ್ದರು, ಅರ್ಧ ಕೂತರು. ಗಿರಿಗೌಡ ಆ ತುದಿಯಿಂದ ಕೂಗಿದ, “ಇದೇನ್ರಪ್ಪೋ, ಆಟ ಮುಗೀತು, ಚೆಂಡು ಹೋಗ್ಲಿಲ್ಲ!” ಹಾಗೆ ನೋಡುತ್ತಿರುವಾಗಲೇ ಚೆಂಡು ಸೊಂಟದ ಎತ್ತರಕ್ಕೆ ಎದ್ದಿತು. ಯಾರೋ ಬಗಲಲ್ಲಿ ಇಟ್ಟುಕೊಂಡು ನಡೆದಂತೆ, ಅವಸರವಿಲ್ಲದೆ, ನಮ್ಮ ಕಡೆಗೆ ಬಂತು. ನಾವು ಕೂತ ಗೋಲಿನ ಮುಂದೆ, ಗಿರಿಗೌಡ ಸುಮ್ಮನೆ ಅಂದಕ್ಕೆ ಅಂತ ಪ್ರತಿ ವರ್ಷ ಇಡಿಸುವ ಸುಣ್ಣದ ಚುಕ್ಕೆಯ ಮೇಲೆ, ಮೆಲ್ಲಗೆ ಇಳಿಯಿತು. ಆ ಚುಕ್ಕೆ ಯಾತಕ್ಕಿದೆ ಅಂತ ನಾವು ಒಬ್ಬರೂ ಒಂದು ದಿನ ಕೇಳಿದವರಲ್ಲ.

ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೋಲು, ಚುಕ್ಕೆ, ಚೆಂಡು. ಬೇರೆ ಏನೂ ಇಲ್ಲ. ಮೈದಾನದ ಉಳಿದ ಜಾಗವೆಲ್ಲ ಖಾಲಿಯಾಗಿ, ಇದ್ದಕ್ಕಿಂತ ದೊಡ್ಡದಾಗಿ ಕಂಡಿತು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಸುಮ್ಮನೆ ಕೈ ಮುಗಿದಳು. ಆಗ ಚೆಂಡು ಹೊರಟಿತು. ಹೊರಟಿದ್ದು ಕಂಡಿತು, ಬಂದದ್ದು ಕಾಣಲಿಲ್ಲ, ನಮ್ಮ ಬಲೆ ಗಪ್ಪನೆ ಉಬ್ಬಿತು.

“ಅಯ್ಯೋ, ಬಿತ್ತು! ನಮ್ಗೆ ಬಿತ್ತು!” ಅಂತ ನಮ್ಮ ಬೀದಿಯವರು ತಲೆ ಮೇಲೆ ಕೈ ಹೊತ್ತರು. ಕೆಳಬೀದಿಯವರು ಆ ತುದಿಯಲ್ಲಿ ಕುಣಿದರು. ಅಷ್ಟರಲ್ಲಿ ಚೆಂಡು ಬಲೆಯಿಂದ ಮೇಲೆದ್ದಿತು. ಚುಕ್ಕೆಗೆ ಹೋಗಲಿಲ್ಲ. ಗೋಲಿನ ಎರಡು ಕಂಬಗಳ ನಡುವೆ, ನನಗೆ ಹತ್ತು ಮಾರು ದೂರದಲ್ಲಿ, ಒಂದು ಎತ್ತರದ ಆಳಿನ ಕಿವಿ ಎಲ್ಲಿರುತ್ತದೋ ಅಲ್ಲಿ ನಿಂತಿತು. ಒಂದು ಸಲ ಅದುರಿತು. ಎರಡು. ಮೂರು.

ಈ ಸಲ ಅತ್ತೆಯೂ ನೋಡಿದರು.

ನಾನು ಚಾಪೆ, ಚಪ್ಪಲಿ ಎಲ್ಲ ಬಿಟ್ಟು ಓಡಿದೆ. ಗೆರೆ ದಾಟಲಿಲ್ಲ, ಬಲೆಯ ಹಿಂದಕ್ಕೆ ಹೋಗಿ ನಿಂತೆ. ಚೆಂಡು ಮತ್ತೆ ಚುಕ್ಕೆಯ ಮೇಲೆ ಕೂತಿತ್ತು. ಮತ್ತೆ ಹೊರಟಿತು, ಮತ್ತೆ ನಮ್ಮ ಬಲೆಗೇ ಬಿತ್ತು. ನಮ್ಮ ಬೀದಿಯವರು ಮತ್ತೆ ಗೋಳಾಡಿದರು. ಮೂರನೆಯ ಒದೆತಕ್ಕೆ ಮುಂಚೆ ತಟ್ಟಲಿಲ್ಲ, ಚೆಂಡು ನೆಟ್ಟಗೆ ಚುಕ್ಕೆಗೆ ಹೋಯಿತು. ನಾಲ್ಕನೆಯದಕ್ಕೆ ಮುಂಚೆ ಮತ್ತೆ ಕಿವಿಯ ಎತ್ತರಕ್ಕೆ ಏರಿತು, ಅದುರಿತು. ಅಷ್ಟು ಹೊತ್ತಿಗೆ ನನಗೆ ಹೊಳೆಯಿತು.

“ಅಳಬೇಡ್ರೋ, ಸುಮ್ನಿರ್ರೋ!” ಅಂತ ಕೂಗಿದೆ. “ಇಲ್ಲಿ ಗೋಲಿ ಇಬ್ರು ಅವ್ರೆ. ಒಂದ್ಸಲ ನಮ್ ತಂಡದೋನು ನಿಲ್ತಾನೆ, ಒಂದ್ಸಲ ಅವ್ರೋನು ಬಂದು ನಿಲ್ತಾನೆ. ಬಿದ್ದದ್ದೆಲ್ಲ ನಮ್ಗೆ ಬಿದ್ದದ್ದಲ್ಲ. ಒಂದು ಅವರು ಹೊಡ್ದಿದ್ದು, ಒಂದು ನಾವು ಹೊಡ್ದಿದ್ದು!”

ಒಂದು ಗಳಿಗೆ ಯಾರಿಗೂ ತಲೆಗೆ ಹೋಗಲಿಲ್ಲ. ಹೋದಮೇಲೆ ನೋಡಬೇಕಿತ್ತು ಅವರ ಮುಖ! ಇಷ್ಟು ಹೊತ್ತು ಅತ್ತದ್ದರಲ್ಲಿ ಅರ್ಧ ದಂಡವಾಯಿತಲ್ಲ ಅಂತ ಒಬ್ಬನಿಗೆ ಸಿಟ್ಟು. ಇನ್ನೊಬ್ಬ ತಡವಾಗಿ ಎರಡನೇ ಗೋಲಿಗೆ ಸೀಟಿ ಹೊಡೆದ. ಕೆಳಬೀದಿಯವರು ತಮ್ಮ ತುದಿ ಬಿಟ್ಟು, ಚಾಪೆ ಮಡಚಿಕೊಂಡು, ಮೈದಾನವನ್ನು ಹೊರಗಿನಿಂದ ಬಳಸಿ ನಮ್ಮ ಕಡೆಗೇ ಓಡಿಬಂದರು. ಎರಡೂ ಬೀದಿ ಒಂದೇ ಗೋಲಿನ ಹಿಂದೆ ಭುಜಕ್ಕೆ ಭುಜ ತಾಗಿಸಿ ನಿಂತದ್ದು ಅದೇ ಮೊದಲು. ಗಿರಿಗೌಡ ನನ್ನ ಪಕ್ಕ ನಿಂತು ಏದುಸಿರು ಬಿಡುತ್ತಾ, “ತಂಗಿ, ನಮ್ ಗೋಲಿ ಯಾರು, ನಿಮ್ ಗೋಲಿ ಯಾರು, ನಿನ್ಗೆಂಗೆ ಗೊತ್ತಾಯ್ತದೆ?” ಅಂದ.

“ನಿಮ್ ಗೋಲಿಯಾಗಿ ನಿಂತು ಚೆಂಡು ತಟ್ಟೋದು ನಮ್ಮೆಜಮಾನ್ರು” ಅಂದೆ.

ಗಿರಿಗೌಡ ನನ್ನ ಮುಖವನ್ನೇ ನೋಡಿದ. ನಗಲಿಲ್ಲ. ಆ ವರ್ಷ ನಮ್ಮವರು ಮಾಯವಾದಾಗ ಮೊದಲು ಕಿರುಚಿದವನು ಅವನೇ. “ಮೇಲುಬೀದಿ ಮಗ ನಮ್ ಗೋಲಿನಾಗಾ?” ಅಂತ ಮೆಲ್ಲಗೆ ಅಂದು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸುದ್ದಿ ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು.

ಆಮೇಲೆ ಎಷ್ಟು ಒದೆತ ನಡೆಯಿತೋ ನನಗೆ ನೆನಪಿಲ್ಲ. ಅವರು ಒದ್ದರೆ ಬೀಳುತ್ತಿತ್ತು, ನಾವು ಒದ್ದರೆ ಬೀಳುತ್ತಿತ್ತು. ಒಬ್ಬರೂ ತಪ್ಪುತ್ತಿರಲಿಲ್ಲ. ಬಲೆಗೆ ಬಿದ್ದಾಗಲೆಲ್ಲ ನೂಲು ನನ್ನ ಮುಖದ ತನಕ ಉಬ್ಬಿ ಬರುತ್ತಿತ್ತು. ನಮ್ಮವರ ಸರದಿಯಲ್ಲಿ ಚೆಂಡು ಒಳಗೆ ಬಂದರೆ ನನ್ನ ಬೀದಿಯವರು ಸಂತೋಷಪಡುವರು, ನಾನು ಹಿಡಿಯಬಾರದಿತ್ತೇ ಅಂತ ಗೊಣಗಿಕೊಳ್ಳುವೆನು. ಬೀದಿಗೆ ದ್ರೋಹ ಬಗೆಯುತ್ತಿದ್ದೇನೆ ಅಂತ ಗೊತ್ತಿತ್ತು. ಬಗೆದೆ. ನನಗೆ ಆ ಹೊತ್ತಿನಲ್ಲಿ ಬೀದಿಯೂ ಬೇಡ, ಕಪ್ಪೂ ಬೇಡ. ಬಲೆಯ ಆಚೆ ಮೂರು ಹೆಜ್ಜೆಯಲ್ಲಿ ನನ್ನ ಗಂಡ ಬೆನ್ನು ಹಾಕಿಕೊಂಡು ನಿಂತಿದ್ದಾರೆ, ಕಣ್ಣಿಗೆ ಕಾಣರು, ಇನ್ನೊಂದು ಒದೆತಕ್ಕೋ ಎರಡಕ್ಕೋ ಆಟ ಮುಗಿದು ಹೊರಟುಹೋಗುತ್ತಾರೆ. ಸೋಮವಾರ ನಾನು ಅವರ ಹೆಸರಿನ ಬೊಂಬೆಗೆ ಬೆಂಕಿ ಬೀಳುವುದನ್ನು ನೋಡಬೇಕು. ಒಂದು ಕಡೆ ಅವರು ಬದುಕಿದ್ದಾರೆ ಅನ್ನುವ ಸಂತೋಷಕ್ಕೆ ಕಾಲು ನಿಲ್ಲುತ್ತಿಲ್ಲ, ಇನ್ನೊಂದು ಕಡೆ ಇದೆಲ್ಲ ನನ್ನ ಹುಚ್ಚೇನೋ ಅನ್ನುವ ಭಯ.

ಕೆಳಬೀದಿಯ ಒದೆತ ಒಂದು ಬಿತ್ತು. ಇನ್ನು ನಮ್ಮ ತಂಡ ಒದೆಯಬೇಕು. ಚೆಂಡು ಚುಕ್ಕೆಯ ಮೇಲೆ ಕೂತಿತು.

“ರೀ” ಅಂದೆ. ಆಟದಲ್ಲಿ ಚೆಂಡು ಚುಕ್ಕೆಯ ಮೇಲಿರುವಾಗ ಮಾತಾಡಬಾರದು ಅಂತ ಯಾವ ಕಟ್ಟಳೆಯೂ ಇರಲಿಲ್ಲ, ಆದರೂ ಎಲ್ಲರೂ ನನ್ನ ಕಡೆ ತಿರುಗಿದರು. “ರೀ, ಕೇಳಿಸ್ತಾ ಇದೆಯಾ? ನಾನು ಕಣ್ರೀ. ಹನ್ನೆರಡು ವರ್ಷ ಆಯ್ತು. ಸೋಮವಾರ ನಿಮ್ ಕರ್ಮ ಮಾಡ್ತಾರೆ, ಜೋಯಿಸ್ರು ದರ್ಭೆ ಕೊಯ್ಸಿ ಇಟ್ಟವ್ರೆ. ನಾನೊಬ್ಳೇ ನಂಬಿದ್ರೆ ಸಾಲ್ದು. ಅತ್ತೆಗೆ ಗೊತ್ತಾಗ್ಬೇಕು, ಊರಿಗೆ ಗೊತ್ತಾಗ್ಬೇಕು. ಏನಾದ್ರೂ ಮಾಡ್ರೀ. ನಿಮ್ ದಮ್ಮಯ್ಯ.”

ಏನೂ ಆಗಲಿಲ್ಲ. ಚೆಂಡು ಕೂತೇ ಇತ್ತು. ಆಚೆ ಯಾರೋ ಓಡಿಬರಲು ಹಿಂದೆ ಹಿಂದೆ ಸರಿಯುತ್ತಿದ್ದಾರೆ ಅನ್ನಿಸಿತು. ಆಗ ನನಗೆ ಎಲ್ಲಿತ್ತೋ ಸಿಟ್ಟು, ಹನ್ನೆರಡು ವರ್ಷದ್ದೂ ಒಟ್ಟಿಗೆ ಬಂತು. ಎರಡೂ ಕೈಯಲ್ಲಿ ಬಲೆ ಹಿಡಿದು, ಗಂಟಲು ಹರಿಯುವಂತೆ ಕೂಗಿದೆ.

“ಜವರಪ್ಪಾ!”

ಹಿಂದೆ ಹೆಂಗಸರು “ಅಯ್ಯಯ್ಯೋ” ಅಂದದ್ದು ಕೇಳಿಸಿತು. ಅದೇ ಗಳಿಗೆ ಚೆಂಡು ಹೊರಟಿತು. ಎಡಗಡೆಯ ಕಂಬದ ಬುಡಕ್ಕೆ, ನೆಲ ಸವರಿಕೊಂಡು ಬಂತು. ನಾನು ಕಣ್ಣು ಮುಚ್ಚಲಿಲ್ಲ. ಗೆರೆಗೆ ಒಂದು ಗೇಣು ಇರುವಾಗ ಚೆಂಡು ನಿಂತಿತು. ನಿಂತದ್ದು ಅಂದರೆ ನಿಂತದ್ದೇ, ಬಾವಿಯ ಬಾಯಲ್ಲಿ ಕೊಡ ಹಿಡಿದು ನಿಲ್ಲಿಸಿದ ಹಾಗೆ. ಬಲೆ ಅಲುಗಲಿಲ್ಲ.

ನಮ್ಮದೊಂದು ತಪ್ಪಿತು, ಕೆಳಬೀದಿ ಗೆದ್ದಿತು. ಅದು ಹೊಳೆಯಲು ಕೆಳಬೀದಿಯವರಿಗೇ ಹೊತ್ತು ಹಿಡಿಯಿತು, ಹೊಳೆದ ಮೇಲೂ ಯಾರೂ ಕುಣಿಯಲಿಲ್ಲ. ಯಾಕೆಂದರೆ ಚೆಂಡು ಮಾಯವಾಗಿರಲಿಲ್ಲ. ನೆಲದಿಂದ ಎದ್ದು, ಗೋಲಿನ ಗೆರೆಯ ಮೇಲೆ ಬಂದು ಇಳಿಯಿತು. ಆಮೇಲೆ ಬಲೆ ನನ್ನ ಕೈಯಲ್ಲಿ ಜಗ್ಗಿತು. ನಾನು ಹಿಡಿದಿದ್ದ ಜಾಗದಲ್ಲೇ, ನನ್ನ ಬೆರಳುಗಳ ಪಕ್ಕ ಪಕ್ಕದಲ್ಲಿ, ನೂಲು ಒಳಕ್ಕೆ ಮಡಚಿಕೊಂಡಿತು. ಈ ಕಡೆ ಐದು ಕಡೆ, ಆ ಕಡೆ ಐದು ಕಡೆ. ಯಾರೋ ಆಚೆಯಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಊರಿಗೆ ಊರೇ ನೋಡಿತು. ಗಿರಿಗೌಡ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ನಾನು ಬೆರಳು ಸರಿಸಿದೆ. ಏನೂ ತಾಗಲಿಲ್ಲ, ಬರೀ ನೂಲು. ಆದರೆ ಆ ನೂಲು ನಡುಗುತ್ತಿತ್ತು, ಓಡಿ ದಣಿದವರ ಕೈ ನಡುಗುವಂತೆ.

ಜನರನ್ನು ತಳ್ಳಿಕೊಂಡು ಅತ್ತೆ ಬಂದರು. ನೂಲು ಮಡಚಿಕೊಂಡ ಆ ಹತ್ತು ಗುರುತುಗಳನ್ನು ನೋಡಿದರು. ಒಂದು ಅಂಗೈಯನ್ನು ಅವುಗಳ ಮೇಲೆ ಇಟ್ಟರು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ. ನನ್ನ ಕಡೆ ತಿರುಗದೆ ಹೇಳಿದರು, “ಚೆಂಡು ಗೆರೆ ಮ್ಯಾಲೇ ಅದೆ ಕಣೆ ವನಜಿ. ಮುಟ್ಟು. ಮುಟ್ಟಿ ಅವ್ನ ಜೊತೆ ಹೋಗು. ನನ್ ಚಿಂತೆ ಬಿಡು. ನಾನು ಹೆಂಗೋ ಮಡಕೆ ಮಾರ್ಕೊಂಡು ಇರ್ತೀನಿ.”

ಸುಳ್ಳು ಯಾಕೆ ಹೇಳಲಿ, ನಾನು ಹೊರಟೆ. ಅತ್ತೆಯ ಮುಖವನ್ನು ನೋಡಲೂ ಇಲ್ಲ. ಕಂಬ ಬಳಸಿಕೊಂಡು ಮುಂದೆ ಬಂದೆ. ಸುಣ್ಣದ ಗೆರೆ ನನ್ನ ಕಾಲಬುಡದಲ್ಲಿತ್ತು, ಚೆಂಡು ಕೈಗೆಟುಕುವಷ್ಟು ಹತ್ತಿರ. ಅದರ ಮೇಲೆ ಮಣ್ಣಿನ ಕಲೆ ಕಂಡಿತು, ನಮ್ಮೂರಿನ ಕೆಂಪು ಮಣ್ಣಲ್ಲ, ಕಪ್ಪು ಮಣ್ಣು. ಕಾಲೆತ್ತಿದೆ.

ಬಲೆ ಸಡಿಲವಾಯಿತು. ಚೆಂಡು ನನ್ನ ಕಣ್ಣೆದುರಿಗೆ ಸಿಡಿದು ಮೇಲಕ್ಕೆ ಹೋಯಿತು. ಗೋಲಿ ಒದೆಯುವ ಒದೆತ ಅದು, ಪೂರ್ತಿ ಬಲ ಹಾಕಿ. ಮೈದಾನದ ಮೇಲೆ, ಆಲದ ಮರದ ಮೇಲೆ, ಕೆಳಬೀದಿಯ ಹೆಂಚುಗಳ ಮೇಲೆ ಏರುತ್ತಾ ಏರುತ್ತಾ ಸಣ್ಣದಾಗಿ, ಸಂಜೆಯ ಬೆಳಕಿನಲ್ಲಿ ಒಂದು ಕಾಳಿನಷ್ಟಾಗಿ, ಎಲ್ಲರೂ ಕತ್ತೆತ್ತಿ ನೋಡುತ್ತಿರುವಾಗಲೇ ಇಲ್ಲವಾಯಿತು. ಎತ್ತಿದ ಕಾಲನ್ನು ನಾನು ಗೆರೆಯ ಈಚೆಗೇ ಇಟ್ಟೆ. ಬರಬೇಡ ಅಂದರೋ, ಅಮ್ಮನನ್ನು ಒಬ್ಬಳನ್ನೇ ಬಿಡಬೇಡ ಅಂದರೋ, ನಾನೇ ಬರುತ್ತೇನೆ ಇರು ಅಂದರೋ, ನನಗೆ ತಿಳಿಯಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತು ಜೋರಾಗಿ ಅತ್ತೆ, ಬೈದೆ, ನಕ್ಕೆ. ಸಿಕ್ಕಲಿ ಒಂದು ದಿನ, ವಿಚಾರಿಸಿಕೊಳ್ಳುತ್ತೇನೆ ಅಂತ ಗಟ್ಟಿಯಾಗಿ ಹೇಳಿದೆ.

ಜನ ಚಾಪೆ ಸುತ್ತಿಕೊಳ್ಳತೊಡಗಿದರು. ಜೋಯಿಸ ಅಶ್ವತ್ಥಯ್ಯನವರು ಮಾತ್ರ ಏನು ಮಾಡುವುದೆಂದು ತೋಚದೆ, ಶಲ್ಯ ಸರಿಮಾಡಿಕೊಳ್ಳುತ್ತಾ ಅತ್ತೆಯ ಹತ್ತಿರ ಬಂದರು. ಅತ್ತೆ ಇನ್ನೂ ಬಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. “ಚಿಕ್ಕತಾಯಮ್ಮ, ಸೋಮವಾರದ್ದು...” ಅಂದರು ಜೋಯಿಸರು, “ಅದೇನು ಮಾಡೋಣ ಅಂತೀರಿ?”

“ಯಾತರ ಸೋಮವಾರ ಸ್ವಾಮಿ?” ಅಂದರು ಅತ್ತೆ. “ನನ್ ಮಗ ಕೆಲ್ಸಕ್ಕೆ ಹೋಗವ್ನೆ.”